ಎಡಪುಟ ಅರ್ಮೇನಿಯನ್, ಬಲಪುಟ ತಗಾಲೊಗ್

ಸೆಪ್ಟೆಂಬರ್ 18, ಸೋಮವಾರ

ಶಿಶುವಿಹಾರದ ಮುಖ್ಯಸ್ಥೆ ಇವತ್ತು ನನ್ನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡು ಹೇಳುವ ಮಾತು ಒಳ್ಳೆಯದಿರುವುದಿಲ್ಲ. ಮೊಮ್ಮಗ ತೋರೋಸ್‌ಗೆ ನಾಲ್ಕು ವರ್ಷ ಎರಡು ತಿಂಗಳು. ಅಲ್ಲಿಗೆ ಸೇರಿ ಆರು ತಿಂಗಳಾಗುತ್ತ ಬಂದರೂ ಒಂದೇ ಒಂದು ಮಾತಾಡಿಲ್ಲವಂತೆ. ಮನೆಯಲ್ಲೂ ಅಷ್ಟೇ ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನವೆಂಬರ್ 21ಕ್ಕೆ ಅವನನ್ನು ತಜ್ಞರ ಸಮಿತಿಯ ಮುಂದೆ ಕೂರಿಸಬೇಕು. ಮಾತು ಬಾರದಿದ್ದರೂ ಅರ್ಥವಾದರೂ ಆಗುತ್ತದೆಯೇ ಎಂದು ನೋಡುತ್ತಾರೆ. ಅದೂ ಇಲ್ಲವೆಂದರೆ ಊರಾಚೆಯ ವಿಶೇಷ ಶಾಲೆಗೆ ಬರೆದುಕೊಡುತ್ತಾರೆ. ಸೋಮವಾರ ಬಿಟ್ಟುಬಂದರೆ ಶುಕ್ರವಾರ ಕರೆತರುವ ಶಾಲೆ.

ವಾರಕ್ಕೆ ನಾಲ್ಕು ರಾತ್ರಿ ಈ ಮಗು ಗುರುತಿಲ್ಲದವರ ನಡುವೆ ಮಲಗಬೇಕು. ನೀರು ಬೇಕೆಂದು ಕೇಳಲೂ ಬಾರದ ಮಗು. ಮನೆಗೆ ಬರುವ ದಾರಿಯಲ್ಲಿ ಅವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಕೊಸರಿಕೊಂಡ.

ಕಾರಣ ನನಗೆ ಗೊತ್ತಿದೆ. ಮೂವತ್ತೆಂಟು ವರ್ಷ ಯೆರೆವಾನ್‌ನ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು, ಅರ್ಪೆನಿಕ್. ಪುಟದಲ್ಲಿ ಬೇರೆ ಅಚ್ಚಿನ ಮೊಳೆ ಬೆರೆತರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಗ ವರಾಜ್ ದುಬೈಯ ಹೋಟೆಲಿನ ಕೆಲಸ ಬಿಟ್ಟು ಈ ಮಾರ್ಚ್‌ನಲ್ಲಿ ಹೆಂಡತಿ ಮಗುವಿನೊಂದಿಗೆ ನನ್ನ ಮನೆಗೆ ಬಂದ. ಬಂದವನೇ ಹಣ್ಣಿನ ಲಾರಿ ಹತ್ತಿ ಜಾರ್ಜಿಯಾ ದಾಟಿ ರಷ್ಯಾದ ದಾರಿ ಹಿಡಿದ. ತಿಂಗಳಿಗೆ ಐದು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನವೆಲ್ಲ ಮಗುವಿನ ಕಿವಿಯಲ್ಲಿ ಸಮುದ್ರದಾಚೆಯ ದ್ವೀಪದವಳಾದ ಸೊಸೆ ಲಿಗಾಯಾಳ ತಗಾಲೊಗ್, ಇನ್ನೊಂದು ಕಿವಿಯಲ್ಲಿ ನನ್ನ ಅರ್ಮೇನಿಯನ್. ಮಗುವಿನ ತಲೆ ಏನಾಗಬೇಡ?

ಇದನ್ನು ವರಾಜ್‌ಗೆ ಬಾಯಲ್ಲಿ ಹೇಳಿದರೆ ನಕ್ಕುಬಿಡುತ್ತಾನೆ. ಬರೆದೇ ತೋರಿಸಬೇಕು. ಹೊಸ ನೋಟ್‌ಬುಕ್ ತಂದಿದ್ದೇನೆ. ಎಡಪುಟದಲ್ಲಿ ನಮ್ಮದು, ಬಲಪುಟದಲ್ಲಿ ಅವಳದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಒಂದನ್ನು ಬಿಡಲೇಬೇಕು ಎಂದು ಯಾರು ನೋಡಿದರೂ ಒಪ್ಪುವ ಹಾಗೆ ಬರೆಯುತ್ತೇನೆ.

ಸೆಪ್ಟೆಂಬರ್ 23, ಶನಿವಾರ

ಲಿಗಾಯಾಳನ್ನು ಅಡುಗೆಮನೆಯಲ್ಲಿ ಕೂರಿಸಿ ಕೇಳಿದೆ. ಯಾಕೆಂದು ಹೇಳಲಿಲ್ಲ. ಅತ್ತೆಗೆ ತನ್ನ ಭಾಷೆಯ ಮೇಲೆ ಪ್ರೀತಿ ಹುಟ್ಟಿತೆಂದುಕೊಂಡಳೋ ಏನೋ, ಕೈಯೊರೆಸಿಕೊಂಡು ಓಡಿಬಂದಳು. ಪಾಪ ಅನ್ನಿಸಿತು, ಆದರೂ ಬರೆದುಕೊಂಡೆ.

ನಮಗೆ ಮೂವತ್ತೊಂಬತ್ತು ಅಕ್ಷರ, ನಮ್ಮದೇ. ಅವರಿಗೂ ಹಿಂದೆ ಹದಿನೇಳು ಅಕ್ಷರಗಳಿದ್ದವಂತೆ, ಈಗ ರೋಮನ್ ಲಿಪಿ. ನಮ್ಮಲ್ಲಿ ವ್ಯಂಜನದ ಮೇಲೆ ವ್ಯಂಜನ ಕೂತರೂ ನಾಲಿಗೆ ತೊಡರುವುದಿಲ್ಲ. ಅವಳಿಗೆ ಪ್ರತಿಯೊಂದರ ನಡುವೆಯೂ ಒಂದು ಸ್ವರ ಬೇಕು. ಕೆಳಮನೆಯ ಮ್ಕ್ರ್ತಿಚ್‌ನನ್ನು ಮಿಕಿರಿತಿಚ್ ಎಂದು ಕರೆದು ಅವನನ್ನು ಉದ್ದ ಮಾಡಿಬಿಟ್ಟಿದ್ದಾಳೆ. ಅವರಲ್ಲಿ ಮಾತಿನ ಮೊದಲಿಗೇ 'ಙ' ಬರುತ್ತದೆ. ಹಲ್ಲಿಗೆ 'ಙಿಪಿನ್' ಅನ್ನುತ್ತಾರೆ. ನಾನು ಹೇಳಲು ಹೋದರೆ ಮೂಗು ಕಟ್ಟಿದ ಹಾಗಾಯಿತು. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ಒಂದೇ ತೊಂದರೆ. ನಮ್ಮಲ್ಲಿ 'ಅವನು' 'ಅವಳು' ಎಂಬ ಭೇದವಿಲ್ಲ, ಇಬ್ಬರಿಗೂ ಒಂದೇ ಮಾತು. ಅವರಲ್ಲೂ ಹಾಗೆಯೇ. ಇದನ್ನು ವರಾಜ್‌ಗೆ ತೋರಿಸುವ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ಇನ್ನು ಆ 'ಪೋ'. ದೊಡ್ಡವರ ಜೊತೆ ಮಾತಾಡುವಾಗ ಮರ್ಯಾದೆಗೆ ಸೇರಿಸುವ ಮಾತಂತೆ. ಅದನ್ನು ಅವಳು ಅರ್ಮೇನಿಯನ್‌ಗೂ ಅಂಟಿಸುತ್ತಾಳೆ. ನಮ್ಮಲ್ಲಿ ತಾಯಿಗೆ ಮೈರಿಕ್ ಅಂದರೆ ಸಾಕು. ಇವಳು "ಹೌದು ಮೈರಿಕ್ ಪೋ", "ಬಂದೆ ಮೈರಿಕ್ ಪೋ" ಎಂದು ಇಡೀ ದಿನ ಕೋಳಿಯ ಹಾಗೆ ಪೋ ಪೋ ಅನ್ನುತ್ತಾಳೆ. ತಲೆ ಚಿಟ್ಟು ಹಿಡಿಯುತ್ತದೆ.

ಅಕ್ಟೋಬರ್ 2, ಸೋಮವಾರ

ವರಾಜ್ ಬಂದಿದ್ದ. ನೋಟ್‌ಬುಕ್ ಪೂರ್ತಿ ಓದಲೂ ಇಲ್ಲ, ಅಮ್ಮ ನೀನು ಹೇಳಿದ ಹಾಗೇ ಆಗಲಿ, ಮಗು ಮನೆಯಲ್ಲೇ ಉಳಿದರೆ ಸಾಕು ಎಂದು ಹೇಳಿ ಲಾರಿಯ ಟೈರು ನೋಡಲು ಹೋದ. ಹೇಳುವ ಕೆಲಸ ನನ್ನ ತಲೆಗೆ ಬಂತು.

ಲಿಗಾಯಾಳನ್ನು ಕರೆದು ನೇರವಾಗಿಯೇ ಕೇಳಿದೆ. "ಸಮಿತಿ ಮುಗಿಯೋವರೆಗೂ ಮಗು ಮುಂದೆ ನಿನ್ನ ಭಾಷೆ ಬೇಡಮ್ಮ. ಒಂದು ಮಾತೂ ಬೇಡ. ಬಿಡ್ತೀಯಾ?"

ಅವಳು ಮಗುವನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಬಾಯಿ ತೆರೆಯದೆ ಎರಡೂ ಹುಬ್ಬು ಮೇಲೇರಿಸಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲಿ ಹುಬ್ಬು ಏರಿಸಿದರೆ 'ಇಲ್ಲ' ಎಂದರ್ಥ. ಹಾಲು ಕುಡಿಯುವ ಮಗುವಿಗೂ ಗೊತ್ತು. ಅದೂ ಸಂತೆಯಲ್ಲಿ ಚೌಕಾಸಿಗೆ ಬಂದವರಿಗೆ ಮಾಡುವ 'ಇಲ್ಲ', ಅತ್ತೆಯ ಮುಖಕ್ಕೆ ಮಾಡುವಂಥದ್ದಲ್ಲ. ಸೊಕ್ಕು. ಬಾಯಲ್ಲಿ ಪೋ, ಹುಬ್ಬಿನಲ್ಲಿ ಸೊಕ್ಕು. ನಾನು ಎದ್ದುಬಂದೆ.

ಅಕ್ಟೋಬರ್ 4, ಬುಧವಾರ

ಆಶ್ಚರ್ಯ. ಲಿಗಾಯಾ ಎರಡು ದಿನದಿಂದ ಮಗುವಿನ ಜೊತೆ ಅರ್ಮೇನಿಯನ್ ಬಿಟ್ಟು ಬೇರೆ ಮಾತಾಡಿಲ್ಲ. ಒಳಗೊಳಗೇ ಯೋಚಿಸಿ ದಾರಿಗೆ ಬಂದಿರಬೇಕು. ಒಳ್ಳೆಯದೇ ಆಯಿತು.

ಅಕ್ಟೋಬರ್ 11, ಬುಧವಾರ

ಇನ್ನು ನಲವತ್ತೊಂದು ದಿನ. ದಿನವೂ ಎದ್ದ ಕೂಡಲೇ ಎಣಿಸುತ್ತೇನೆ.

ತೋರೋಸ್ ಮೊದಲು ಏನೋ ಗುನುಗುತ್ತಿದ್ದ, ಈಗ ಅದೂ ನಿಂತಿದೆ. ಏನು ಕೇಳಿದರೂ ಹುಬ್ಬೇರಿಸುತ್ತಾನೆ. ತಾಯಿಯಿಂದ ಕಲಿತ ಚಾಳಿ. ಹಾಲು ಬೇಕಾ ಅಂದರೆ ಇಲ್ಲ. ಏಪ್ರಿಕಾಟ್ ಜಾಮ್ ಹಚ್ಚಲಾ ಅಂದರೆ ಇಲ್ಲ. ಬೇಡವೆಂದ ಮೇಲೆ ಲೋಟ ತೆಗೆದುಕೊಂಡು ಹೋದರೆ ಹಿಂದೆಯೇ ಬಂದು ಅಳುತ್ತಾನೆ. ಮಾರ್ಚ್‌ನಿಂದ ಇದೇ ಕಥೆ. ಹುಟ್ಟಾ ಮೊಂಡ ಅಂದುಕೊಂಡಿದ್ದೆ. ಈಗ ಭಯವಾಗುತ್ತಿದೆ. ಬೇಕು ಬೇಡ ಯಾವುದೆಂದೇ ಗೊತ್ತಾಗದ ಮಗುವಾದರೆ ಆ ಡಾಕ್ಟರುಗಳು ಹೇಳುವುದೇ ಸರಿಯಲ್ಲವೇ?

ಬರೆಯಬಾರದಿತ್ತು ಇದನ್ನು.

ಅಕ್ಟೋಬರ್ 17, ಮಂಗಳವಾರ

ಎದುರುಮನೆಯ ಸಿರ್ವಾರ್ದ್ ನೀಲಿ ಮಣಿ ತಂದು ತೋರೋಸ್‌ನ ಅಂಗಿಗೆ ಪಿನ್ ಹಾಕಿದಳು. ಯಾರದೋ ಕಣ್ಣು ಬಿದ್ದಿದೆಯಂತೆ. ಮೂರು ಸಲ ತೂ ತೂ ಅಂದಳು. ಲಿಗಾಯಾ ಬಂದು ತನ್ನ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಮಗುವಿನ ಹಣೆಗೆ ಒತ್ತಿದಳು. ಅವರಲ್ಲೂ ಕಣ್ಣು ಬಿದ್ದರೆ ಉಗುಳೇ ಮದ್ದು. ಇದನ್ನು ಯಾವ ಪುಟದಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಅಕ್ಟೋಬರ್ 18

ಏನೂ ಇಲ್ಲ. ಮೂವತ್ತನಾಲ್ಕು ದಿನ.

ಅಕ್ಟೋಬರ್ 29, ಭಾನುವಾರ

ಮನೆಯೊಳಗೆ ಗಡಿಯಾರದ ಸದ್ದು ಕೇಳುತ್ತಿದೆ. ಇಷ್ಟು ವರ್ಷ ಒಬ್ಬಳೇ ಇದ್ದಾಗಲೂ ಕೇಳಿರಲಿಲ್ಲ.

ಇವತ್ತು ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ಲಿಗಾಯಾ ಹಸಿ ಬಟ್ಟೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಫೋನನ್ನು ಬಾಯಿಗೆ ಒತ್ತಿಕೊಂಡು ಪಿಸುಗುಟ್ಟುತ್ತಿದ್ದಳು. ಅವರೂರು ಬತಾಂಗಾಸ್‌ನಲ್ಲಿರುವ ಅವಳ ತಾಯಿ. ಪ್ರತಿ ಭಾನುವಾರ ಮಾತಾಡುವುದು ಗೊತ್ತಿತ್ತು, ಮೊದಲೆಲ್ಲ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ನಗುತ್ತ ಮಾತಾಡುತ್ತಿದ್ದಳು. ಮಗುವಿನ ಕಿವಿಗೆ ಬೀಳಬಾರದೆಂದು ಈಗ ಇಲ್ಲಿ, ಈ ಚಳಿಯಲ್ಲಿ. ನನ್ನನ್ನು ಕಂಡದ್ದೇ ಕದ್ದು ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ ಎದ್ದುನಿಂತಳು. ನನಗೆ ನಾಚಿಕೆಯಾಯಿತು. ಅವಳಿಗಲ್ಲ, ನನಗೆ.

ಆಮೇಲೆ ದ್ರಾಕ್ಷಿ ಎಲೆಯಲ್ಲಿ ದೋಲ್ಮಾ ಸುತ್ತುತ್ತ ಕೂತಾಗ ನೋಟ್‌ಬುಕ್ ತಂದೆ. ಬರೀ ಪುಸ್ತಕ ಮುಗಿಸುವುದಕ್ಕೆ ಕೇಳುತ್ತಿದ್ದೇನೆ, ಬೇರೇನೂ ಅಲ್ಲ ಎಂದೆ. ಅವಳು ಇನ್ನೊಂದು ಎಲೆ ಬಿಡಿಸಿದಳು.

"ನೀವೇ ಬೇಡ ಅಂದಿದ್ರಲ್ಲ ಮೈರಿಕ್." ಪೋ ಇರಲಿಲ್ಲ. ಯಾವಾಗಿನಿಂದ ಇಲ್ಲವೋ ನನಗೆ ಗಮನವೇ ಇರಲಿಲ್ಲ.

"ಮಗು ಜೊತೆ ಬೇಡ ಅಂದೆ. ನನ್ನ ಜೊತೆ ಬೇಡ ಅಂದ್ನಾ?"

ಶುರುವಾಯಿತು. ನಿಧಾನವಾಗಿ ಎನ್ನಲು ನಾವು ಕಮಾತ್ಸ್-ಕಮಾತ್ಸ್ ಅನ್ನುತ್ತೇವೆ, ಅವರು ದಹನ್-ದಹನ್. ಇಬ್ಬರೂ ಒಂದೇ ಮಾತನ್ನು ಎರಡು ಸಲ ಹೇಳಿಯೇ ಮುಂದೆ ಹೋಗುವವರು. ಅವರ ಮೇಜು, ಚಮಚ, ಚಪ್ಪಲಿ ಎಲ್ಲ ಸ್ಪೇನಿನವರಿಂದ ಬಂದದ್ದು. ಎರವಲು ಭಾಷೆ ಎಂದು ಬರೆಯಲು ಪೆನ್ನು ಎತ್ತಿದೆ, ಆದರೆ ನಮ್ಮ ನಿಘಂಟಿನಿಂದ ಪರ್ಷಿಯನ್ ತೆಗೆದರೆ ಎಷ್ಟು ಪುಟ ಉಳಿದೀತೆಂದು ಅದನ್ನು ಮೂರು ಸಲ ತಿದ್ದಿದ ನನಗೇ ಗೊತ್ತು. ಬರೆಯಲಿಲ್ಲ.

ಸೂರ್ಯನಿಗೆ ಏನನ್ನುತ್ತೀರಿ ಎಂದು ಕೇಳಿದೆ. ಅರಾವ್ ಅಂದಳು. ನಮ್ಮಲ್ಲಿ ಅರೆವ್. ಕಾಕತಾಳೀಯವೇ ಇರಬೇಕು, ಸಮುದ್ರಗಳಾಚೆಯ ದ್ವೀಪಕ್ಕೂ ನಮ್ಮ ಕಲ್ಲುಬೆಟ್ಟಕ್ಕೂ ಎತ್ತಣ ನಂಟು? ಆದರೂ ನಾನು ಅರೆವ್, ಅವಳು ಅರಾವ್, ನಾನು ಅರೆವ್, ಅವಳು ಅರಾವ್ ಎಂದು ಹೇಳಿ ಹೇಳಿ ಇಬ್ಬರೂ ನಕ್ಕೆವು. ಮೇಜಿನ ಕೆಳಗಿದ್ದ ತೋರೋಸ್ ಹೊರಬಂದು, ತುಟಿ ಮುಂದೆ ಚಾಚಿ ಕಿಟಕಿಯ ಕಡೆಗೆ ಮುಖ ಸೊಟ್ಟ ಮಾಡುತ್ತ ನಿಂತ. ಹೊರಗೆ ಬಿಸಿಲಿತ್ತು. ಅಣಕಿಸಬೇಡ ಎಂದು ಗದರಿದೆ.

ನವೆಂಬರ್ 8, ಬುಧವಾರ

ನಾಲ್ಕು ದಿನದಿಂದ ಸಂಜೆ ಪುಸ್ತಕದ ಕೆಲಸ. ಬಲಪುಟಗಳು ಮುಗಿದು ಎಡಪುಟದಲ್ಲೂ ತಗಾಲೊಗ್ ಬರೆಯುವಂತಾಗಿದೆ. ಮಗು ಹತ್ತಿರವೇ ಇರುತ್ತಾನೆ. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ನಾನೇನು ಕಿವಿಗೆ ಹತ್ತಿ ತುರುಕಲಾ?

ಲಿಗಾಯಾ ಹುಳಿಪ್ಲಮ್ ರುಬ್ಬಿ ಒಣಗಿಸಿದ ನಮ್ಮ ಹಾಳೆಯನ್ನು ನೆನೆಸಿ ಅವರೂರಿನ ಹುಳಿಸಾರು ಮಾಡಿದಳು. ಎರಡು ಬಟ್ಟಲು ಕುಡಿದೆ.

ಹದಿಮೂರು ದಿನ. ನಿದ್ದೆ ಬರುತ್ತಿಲ್ಲ.

ನವೆಂಬರ್ 20, ಸೋಮವಾರ

ನಾಳೆ. ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಾರಂತೆ. ಲಿಗಾಯಾ ತಾನು ಹೋಗುವೆನೆಂದಳು. ಬೇಡವೆಂದೆ. ಅವಳ ಉಚ್ಚಾರ ಕೇಳಿದರೆ ಡಾಕ್ಟರಿಗೆ ಮೊದಲೇ ತಾತ್ಸಾರ ಹುಟ್ಟುತ್ತದೆ. ನನ್ನ ಅರ್ಮೇನಿಯನ್‌ನಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ. ನಾನೇ ಹೋಗುತ್ತೇನೆ.

ನವೆಂಬರ್ 21, ಮಂಗಳವಾರ

ಅಕ್ಷರ ಸೊಟ್ಟಗಾದರೂ ಇವತ್ತೇ ಬರೆಯಬೇಕು.

ಸಮಿತಿಯ ಡಾಕ್ಟರ್ ಹೆರ್ಮಿನೆ ಐವತ್ತರ ಹೆಂಗಸು. ಕೆಟ್ಟವಳಲ್ಲ. ತೋರೋಸ್‌ನನ್ನು ಚಿಕ್ಕ ಕುರ್ಚಿಯಲ್ಲಿ ಕೂರಿಸಿ ಮೆತ್ತಗೆ ಕೇಳಿದಳು. ನಿನ್ನ ಹೆಸರು ತೋರೋಸಾ? ಹುಬ್ಬೇರಿಸಿದ. ಇದು ಸೇಬಾ? ಸೇಬೇ. ಹುಬ್ಬೇರಿಸಿದ. ನೀನು ಹುಡುಗನಾ? ಹುಬ್ಬೇರಿಸಿದ. ನಾಲ್ಕು ಚಿತ್ರ ಹರವಿ ಬೆಕ್ಕು ಎಲ್ಲಿದೆ ಅಂದಳು. ಕೈ ಎತ್ತಲೇ ಇಲ್ಲ, ತುಟಿ ಚಾಚಿ ಮುಖ ಸೊಟ್ಟ ಮಾಡಿದ. ಕೊನೆಗೆ ನನ್ನ ಪರ್ಸಿನಲ್ಲಿದ್ದ ಲಿಗಾಯಾಳ ಫೋಟೋ ತೋರಿಸಿ, ಇವಳು ನಿನ್ನ ಅಮ್ಮನಾ ಎಂದಳು. ಮಗು ಆ ಫೋಟೋ ನೋಡಿ ಮೊದಲ ಸಲ ನಕ್ಕ. ನಕ್ಕು, ಹುಬ್ಬೇರಿಸಿದ.

ಡಾಕ್ಟರ್ ಬರೆದುಕೊಳ್ಳುತ್ತಿದ್ದಳು. ತಲೆಕೆಳಗಾದ ಅಕ್ಷರ ಓದುವುದು ನನ್ನ ವೃತ್ತಿ. 'ತಾಯಿಯನ್ನು ಗುರುತಿಸುವುದಿಲ್ಲ.'

ಹೊರಗೆ ಬಂದು ಬೆಂಚಿನ ಮೇಲೆ ಕುಸಿದೆ. ಲಿಗಾಯಾ ಓಡಿಬಂದು ಏನಾಯಿತೆಂದು ಕೇಳಿದಳು. ಮುಗಿಯಿತು ಎಂದೆ. ನೀನು ಅಮ್ಮನಾ ಅಂತ ಕೇಳಿದರೆ ಅದಕ್ಕೂ ಇಲ್ಲ ಅಂದುಬಿಟ್ಟ ಎಂದೆ.

"ಅವನು ಮಾತೇ ಆಡಲ್ವಲ್ಲ. ಇಲ್ಲ ಅಂತ ಹೇಗೆ ಹೇಳ್ದ?"

"ಹೇಗೆ ಅಂದ್ರೆ? ಹೀಗೆ." ಹುಬ್ಬೇರಿಸಿ ತೋರಿಸಿದೆ.

ಲಿಗಾಯಾ ನನ್ನ ತೋಳು ಹಿಡಿದಳು. "ಮೈರಿಕ್, ಅದು ಹೌದು," ಅಂದಳು. "ನಮ್ಮಲ್ಲಿ ಅದು ಹೌದು."

ನನ್ನ ತಲೆಗೆ ಹೋಗಲಿಲ್ಲ. ಅವಳು ಮತ್ತೆ ಹೇಳಿದಳು. ಅವರಲ್ಲಿ ಹುಬ್ಬೇರಿಸಿದರೆ ಹೌದು, ತುಟಿ ಚಾಚಿದರೆ ಅಗೋ ಅಲ್ಲಿ ಎಂದು ತೋರಿಸಿದ ಹಾಗೆ. ಬೆರಳು ಮಾಡಿ ತೋರಿಸುವುದು ಒರಟುತನ ಎಂದು ಮಗುವಿಗೆ ಅವಳೇ ಕಲಿಸಿದ್ದಳು. ಆ ಬೆಂಚಿನ ಮೇಲೆ ಕೂತಿದ್ದಂತೆಯೇ ಮಾರ್ಚ್‌ನಿಂದ ನಾನು ಎತ್ತಿಕೊಂಡು ಹೋದ ಹಾಲಿನ ಲೋಟಗಳೆಲ್ಲ ಕಣ್ಣ ಮುಂದೆ ಬಂದವು. ಹೌದು ತಾತಿಕ್, ಹೌದು ಅಜ್ಜಿ, ಬೇಕು ಎಂದು ಆ ಮಗು ಪ್ರತಿ ಸಲ ಹೇಳಿತ್ತು. ಪ್ರತಿ ಸಲ ನಾನು ಕಸಿದುಕೊಂಡು ಹೋಗಿದ್ದೆ.

ಅಳುವುದಕ್ಕೆ ಹೊತ್ತಿರಲಿಲ್ಲ. ಕರಡಿನಲ್ಲಿ ತಪ್ಪು ಕಂಡ ಮೇಲೆ ಪುಟ ಅಚ್ಚಿಗೆ ಹೋಗಲು ಬಿಟ್ಟವಳಲ್ಲ ನಾನು. ಮುಂದಿನ ಮಗು ಒಳಗೆ ಹೋಗುವ ಮೊದಲೇ ಲಿಗಾಯಾಳನ್ನೂ ಮಗುವನ್ನೂ ಎಳೆದುಕೊಂಡು ಬಾಗಿಲು ತಳ್ಳಿದೆ. ಡಾಕ್ಟರ್ ಮುಖ ಗಂಟು ಹಾಕಿಕೊಂಡು ಫಲಿತಾಂಶ ಅಂಚೆಯಲ್ಲಿ ಬರುತ್ತದೆ ಎಂದಳು. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಅವಳ ಮೇಜಿನ ಮೇಲಿಟ್ಟೆ.

"ಡಾಕ್ಟರ್, ಎರಡು ಭಾಷೇನೂ ತಿಂಗಳುಗಟ್ಟಲೆ ಕೂತು ಪಕ್ಕಪಕ್ಕ ಬರೆದೆ. ಅಕ್ಷರ ಬರೆದೆ, ಶಬ್ದ ಬರೆದೆ. ಮುಖ ನೋಡೋದು ಬಿಟ್ಟುಬಿಟ್ಟಿದ್ದೆ. ತಪ್ಪು ನಂದು. ಮಗುದಲ್ಲ. ಇವಳನ್ನ ಕೂರಿಸಿ ಅದೇ ಪ್ರಶ್ನೆ ಕೇಳಿ ನೋಡಿ."

ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಲಿಗಾಯಾಳಿಗೆ, ಬಾಯಿ ಬಿಡಬೇಡ, ನಿನ್ನ ಹೆಸರು ಲಿಗಾಯಾನಾ ಎಂದಳು. ಹುಬ್ಬು ಮೇಲೆ ಹೋಯಿತು. ಕಿಟಕಿ ಎಲ್ಲಿದೆ? ತುಟಿ ಮುಂದೆ ಬಂತು. ಡಾಕ್ಟರ್ ಪೆನ್ನು ಕೆಳಗಿಟ್ಟಳು. ತೋರೋಸ್‌ನನ್ನು ಮತ್ತೆ ಚಿಕ್ಕ ಕುರ್ಚಿಯಲ್ಲಿ ಕೂರಿಸಿದಳು. ಈ ಸಲ ಸೇಬನ್ನು ತೋರಿಸಿ ಇದು ಕುದುರೆಯಾ ಎಂದಳು. ಮಗು ಜೋರಾಗಿ ತಲೆ ಅಡ್ಡಡ್ಡ ಆಡಿಸಿತು. ಇಪ್ಪತ್ತು ಪ್ರಶ್ನೆ. ಒಂದೂ ತಪ್ಪಲಿಲ್ಲ.

ಆಮೇಲೆ ಅವಳು ನನ್ನನ್ನು ಕೇಳಿದಳು, ಮನೆಯಲ್ಲಿ ಇತ್ತೀಚೆಗೆ ಯಾರಾದರೂ ಮಗುವಿನ ಜೊತೆ ಮಾತು ನಿಲ್ಲಿಸಿದ್ದಾರಾ, ಮಗು ಹೆದರಿದ ಹಾಗಿದೆ ಎಂದು. ಲಿಗಾಯಾ ತಲೆ ತಗ್ಗಿಸಿದಳು. ನನ್ನನ್ನು ಹಿಡಿದುಕೊಡಲಿಲ್ಲ. ನಾನೇ ಹೇಳಿದೆ, ನಿಲ್ಲಿಸಿದ್ದು ನಾನು ಎಂದು. ಇವತ್ತಿನಿಂದಲೇ ಮತ್ತೆ ಶುರು ಮಾಡಿ ಎಂದಳು ಡಾಕ್ಟರ್.

ಸಂಜೆ ವರಾಜ್‌ಗೆ ಫೋನ್ ಮಾಡಿದೆ. ಹುಬ್ಬಿನ ವಿಷಯ ನಿನಗೆ ಗೊತ್ತಿತ್ತಾ ಎಂದೆ. ಗೊತ್ತಿತ್ತು, ಅದೇನು ಹೇಳುವಂಥ ವಿಷಯವಾ ಅಮ್ಮ ಎಂದ. ಇದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ನವೆಂಬರ್ 22, ಬುಧವಾರ

ಈ ಡೈರಿಯಲ್ಲಿ ಅಕ್ಟೋಬರ್ 2ರ ಪುಟ ತೆಗೆದು ಓದಿದೆ.

ನಿನ್ನ ಭಾಷೆ ಬಿಡ್ತೀಯಾ ಎಂದು ನಾನು ಕೇಳಿದ್ದೆ. ಅವಳು ಮಗುವನ್ನು ನೋಡಿ, ನನ್ನನ್ನು ನೋಡಿ, ಹುಬ್ಬೇರಿಸಿದ್ದಳು. ಹೌದು ಅಂದಿದ್ದಳು. ಒಂದು ಪ್ರಶ್ನೆ ಕೇಳದೆ, ಅಲ್ಲೇ, ಆ ಕ್ಷಣವೇ ಒಪ್ಪಿದ್ದಳು. ಅದರ ಕೆಳಗೆ ನಾನು ನನ್ನ ಚಂದದ ಅಕ್ಷರದಲ್ಲಿ 'ಸೊಕ್ಕು' ಎಂದು ಬರೆದಿದ್ದೇನೆ. ಎರಡು ಸಲ.

ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡೆ. ಎಷ್ಟು ಹೊತ್ತು ಕೂತರೂ ಅಂಚಿನಲ್ಲಿ ಏನು ತಿದ್ದಿ ಬರೆಯಬೇಕೋ ತೋಚಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಲಿಗಾಯಾಳನ್ನು ಹಿಂದಿನಿಂದ ತಬ್ಬಿಕೊಂಡೆ. ಅವಳು ಗಾಬರಿಯಾಗಿ ಸೌಟು ಬೀಳಿಸಿದಳು.

"ಏನಾಯ್ತು ಮೈರಿಕ್ ಪೋ?"

ಪೋ. ಏನೂ ಇಲ್ಲ, ಕೆಲಸ ನೋಡು ಎಂದು ಗದರಿ ಹೊರಗೆ ಬಂದೆ.

ಡಿಸೆಂಬರ್ 14, ಗುರುವಾರ

ಕಾಗದ ಬಂತು. ಮಗು ಈಗಿರುವ ಶಿಶುವಿಹಾರದಲ್ಲೇ ಮುಂದುವರಿಯಬಹುದು. ವಾರಕ್ಕೆರಡು ದಿನ ಮಾತು ಕಲಿಸುವವರ ಬಳಿ ಹೋಗಬೇಕು, ಆರು ತಿಂಗಳಿಗೆ ಮತ್ತೆ ತೋರಿಸಬೇಕು. ನಾಲ್ಕು ಸಲ ಓದಿದೆ. ಎರಡು ಕಡೆ ಕಾಗುಣಿತ ತಪ್ಪಿತ್ತು. ಬಿಟ್ಟುಬಿಟ್ಟೆ. ತೋರೋಸ್ ಮೂರು ಲೋಟ ಹಾಲು ಕುಡಿದು ಹೊಟ್ಟೆ ನೋವು ಮಾಡಿಕೊಂಡಿದ್ದಾನೆ.

ಇನ್ನೊಂದು ಸುದ್ದಿ. ಮಧ್ಯಾಹ್ನ ಸಿರ್ವಾರ್ದ್ ತನ್ನ ಮನೆಗೆ ಕರೆದು ಹೇಳಿದಳು, ತೋರೋಸ್ ಬೆಳಿಗ್ಗೆ ಮೆಟ್ಟಿಲ ಮೇಲೆ ಬೆಕ್ಕಿನ ಜೊತೆ ಮಾತಾಡುತ್ತಿದ್ದನಂತೆ. ಗುನುಗಿದ್ದಲ್ಲ, ಮಾತು. ಏನಂದ, ಯಾವ ಭಾಷೆಯಲ್ಲಿ ಎಂದು ಅವಳ ಭುಜ ಹಿಡಿದು ಅಲುಗಾಡಿಸಿದೆ.

"ನಂಗೇನು ಗೊತ್ತು ಅರ್ಪೆನಿಕ್ ಜಾನ್, ನನ್ನ ಬಂಗಾರ," ಅಂದಳು. "ಬಾ ಅಂದಿರ್ಬೇಕು. ಬೆಕ್ಕು ಬಂತು."

ಅಷ್ಟು ಹೊತ್ತಿಗೆ ಅವಳ ಕಾಫಿ ಉಕ್ಕಿತ್ತು. ಕುಡೀತೀಯಾ ಎಂದು ಕೇಳಿದಳು. ಬಾಯಿ ತೆರೆಯದೆಯೇ ಉತ್ತರ ಕೊಟ್ಟೆ, ಮನಸ್ಸೆಲ್ಲ ಆ ಮೆಟ್ಟಿಲ ಮೇಲೆಯೇ ಇತ್ತು. ಅವಳು ನನ್ನ ಮುಖ ನೋಡಿ, ನನ್ನ ಮುಂದಿಟ್ಟಿದ್ದ ಬಟ್ಟಲನ್ನು ಎತ್ತಿ ಕಪಾಟಿಗೆ ಸೇರಿಸಿ, ತನಗೊಬ್ಬಳಿಗೇ ಬಗ್ಗಿಸಿಕೊಂಡಳು. ಇವತ್ತೊಂದು ದಿನವಾದರೂ ನನ್ನ ಕಾಫಿ ಕುಡಿಯಬಾರದಿತ್ತಾ ಎಂದು ಮುನಿಸಿಕೊಂಡೇ ಕೂತಿದ್ದಳು.

ನಾನು ಬೇಡ ಅಂದೇ ಇರಲಿಲ್ಲ. ಸಿರ್ವಾರ್ದ್‌ಗೂ ವಯಸ್ಸಾಯಿತು.